ಮರಳುಗಾಡಿನ ಹೋಟೆಲಿನಲ್ಲಿ ಎರಡು ರಾತ್ರಿ

ದೌಂಡದ ಕನ್ನಡ ಮನೆಗಳ ಮಕ್ಕಳೇ, ರಜೆ ಬಂತೆಂದರೆ ನಿಮ್ಮ ಬಾಯಲ್ಲಿ ಮಹಾಬಳೇಶ್ವರ, ಲೋಣಾವಳಾ, ಗೋವೆಯ ಹೆಸರು. ಬಿಸಿಲು, ಧೂಳು ನಮ್ಮೂರಲ್ಲೇ ಬೇಕಾದಷ್ಟಿದೆ. ಅದನ್ನೇ ನೋಡಲು ದುಡ್ಡು ಸುರಿದು ಮರಳುಗಾಡಿಗೆ ಯಾಕೆ ಹೋಗಬೇಕು ಎಂದು ನೀವು ಕೇಳಬಹುದು. ಕಳೆದ ಡಿಸೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಜೈಸಲ್ಮೇರಿನ ಬಳಿಯ ಒಂದು ಠಾಕುಠೀಕಾದ ಹೋಟೆಲಿನಲ್ಲಿ ಎರಡು ರಾತ್ರಿ ಇದ್ದು ಬಂದೆವು. ಅಲ್ಲಿ ಕಂಡದ್ದರಲ್ಲಿ ನಿಮಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಅದಕ್ಕೇ ಈ ಲೇಖನ.

ಪುಣೆಯಿಂದ ಜೋಧಪುರಕ್ಕೆ ರೈಲು ಸಿಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಮಾರ್ಗವಾಗಿ ಹೋಗುವ ಗಾಡಿ ಹಿಡಿದರೆ ದಾರಿಯುದ್ದಕ್ಕೂ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಜೋಧಪುರದಲ್ಲಿ ಒಂದು ಹಗಲು ಇಳಿದುಕೊಳ್ಳಿ. ಅಲ್ಲಿನ ಉಮೇದ್ ಭವನ ಅರಮನೆಯ ಒಂದು ಭಾಗ ಇಂದು ದೇಶದ ದುಬಾರಿ ಹೋಟೆಲುಗಳಲ್ಲೊಂದು, ಇನ್ನೊಂದು ಭಾಗ ವಸ್ತುಸಂಗ್ರಹಾಲಯ. ಒಟ್ಟು ಕೋಣೆಗಳು 347. ಬರಗಾಲದಲ್ಲಿ ಜನರಿಗೆ ಕೆಲಸ ಕೊಡಲೆಂದು ಮಹಾರಾಜ ಉಮೇದ್ ಸಿಂಗರು 1929ರಲ್ಲಿ ಇದನ್ನು ಕಟ್ಟಿಸಲು ಆರಂಭಿಸಿದರು, ಮುಗಿದದ್ದು 1943ರಲ್ಲಿ. ಕಲ್ಲು ಹೊತ್ತು ಕೂಲಿ ಪಡೆದ ಎಷ್ಟೋ ಸಂಸಾರಗಳು ಅದರಿಂದ ಬದುಕಿಕೊಂಡವು.

ಇದು ನಮಗೆ ದೂರದ ಕಥೆಯೇನಲ್ಲ. ಮನೆಯ ಹಿರಿಯರನ್ನು 1972ರ ಬರದ ಬಗ್ಗೆ ಕೇಳಿ ನೋಡಿ. ಮಹಾರಾಷ್ಟ್ರದಲ್ಲಿ ಲಕ್ಷಗಟ್ಟಲೆ ಜನ ಹೀಗೆಯೇ ಖಡಿ ಒಡೆದು, ರಸ್ತೆ, ಕೆರೆಗಳನ್ನು ಕಟ್ಟಿ ಹೊಟ್ಟೆ ಹೊರೆದರು. ಆ ಅನುಭವದ ಮೇಲೆಯೇ 1977ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕಾಯಿದೆ ಬಂತು. 2005ರ ರಾಷ್ಟ್ರೀಯ ಕಾಯಿದೆಗೆ ಅದು ಮಾದರಿಯಾಯಿತು.

ಜೋಧಪುರದಿಂದ ಜೈಸಲ್ಮೇರು ಸುಮಾರು 280 ಕಿಲೋಮೀಟರ್. ನಾವಿದ್ದ ಹೋಟೆಲು ಹೊರಗಿನಿಂದ ಕೋಟೆಯಂತೆ, ಒಳಗಿನಿಂದ ಶ್ರೀಮಂತರ ಹವೇಲಿಯಂತೆ. ಊರಿನ ಕಟ್ಟಡಗಳಂತೆ ಇದೂ ಹಳದಿ ಕಲ್ಲಿನದೇ. ಗಾಳಿ ಆಡಲು ಕಲ್ಲಿನ ಜಾಲಂದ್ರ, ನೆರಳಿಗೆ ಒಳಅಂಗಳ, ದಪ್ಪ ಗೋಡೆ. ಸಂಜೆ ಮಾಂಗಣಿಯಾರ ಗಾಯಕರು ಕಮಾಯಚಾ, ಖಡತಾಲ ಹಿಡಿದು ಅಂಗಳದಲ್ಲಿ ಹಾಡಲು ಕೂತರೆ ಊಟದ ನೆನಪೇ ಬರುವುದಿಲ್ಲ. ತಲೆಮಾರುಗಳಿಂದ ಹಾಡಿಕೊಂಡೇ ಬದುಕಿದ ಮುಸ್ಲಿಂ ಕುಟುಂಬಗಳು ಇವು. ಹಿಂದೂ ಯಜಮಾನರ ಮನೆಯ ಮದುವೆ, ಹುಟ್ಟುಗಳಿಗೂ ಇವರದೇ ಹಾಡು. ಮರುದಿನ 40 ಕಿಲೋಮೀಟರ್ ದೂರದ ಸಮ್ ಮರಳುದಿಬ್ಬಗಳಲ್ಲಿ ಸೂರ್ಯಾಸ್ತ ನೋಡಿದೆವು.

ಊಟದಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಬಾಜ್ರಾ ರೊಟ್ಟಿ ಎಂದು ಬಡಿಸಿದ್ದು ನಮ್ಮ ಸಜ್ಜೆ ರೊಟ್ಟಿಯೇ. ಅದರ ಜೊತೆಗೆ ಕೇರ್-ಸಾಂಗ್ರಿ ಪಲ್ಯ. ಸಾಂಗ್ರಿ ಎಂದರೆ ಖೇಜಡಿ ಮರದ ಕಾಯಿ. ಖೇಜಡಿ ಯಾವ ಮರವೆಂದು ಕೇಳಿದಿರೋ? ಅದು ನಮ್ಮ ಬನ್ನಿ! ದೌಂಡದಲ್ಲಿ ದಸರೆಗೆ ನಿಮ್ಮ ಮರಾಠಿ ಗೆಳೆಯರು ಆಪಟೆ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ನಮ್ಮ ಹಿರಿಯರು ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ. ನಮಗೆ ಅದು ವರ್ಷಕ್ಕೊಮ್ಮೆ ಪೂಜಿಸುವ ಮರ. ಅಲ್ಲಿ ಅದೇ ಮನುಷ್ಯರಿಗೆ ಪಲ್ಯ, ಒಂಟೆಗೆ ಮೇವು, ಬಿಸಿಲಿಗೆ ನೆರಳು. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿ ಎಂಬ ಹಳ್ಳಿಯಲ್ಲಿ ಅರಮನೆಯ ಕೆಲಸಕ್ಕೆಂದು ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರವನ್ನು ಅಪ್ಪಿ ನಿಂತು ಪ್ರಾಣ ಕೊಟ್ಟಳು. ಅವಳ ಹಿಂದೆ ಪ್ರಾಣ ಕೊಟ್ಟವರನ್ನೂ ಸೇರಿಸಿ ಲೆಕ್ಕ 363 ಎನ್ನುತ್ತಾರೆ. ಮುಂದಿನ ದಸರೆಗೆ ಬನ್ನಿ ಕೈಗೆ ಬಂದಾಗ ಇದನ್ನು ನೆನೆಯಿರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೋಟೆಲಿನ ನಡು ಅಂಗಳದಲ್ಲಿ ಈಜುಕೊಳವಿತ್ತು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು. ಮಳೆನೆರಳಿನ ನಮ್ಮ ದೌಂಡದಲ್ಲೇ ಅದರ ಎರಡರಷ್ಟಾದರೂ ಬೀಳುತ್ತದೆ. ಹಾಗಾದರೆ ಈ ನೀರು ಎಲ್ಲಿಯದು ಎಂದು ಕೋಣೆ ಗುಡಿಸಲು ಬಂದ ಹುಡುಗನನ್ನು ಕೇಳಿದೆ. ಕಾಲುವೆಯದು, ಟ್ಯಾಂಕರಿನಲ್ಲಿ ಬರುತ್ತದೆ ಎಂದ. ಪಂಜಾಬಿನ ಹರಿಕೆ ಬಳಿ ಸತಲಜ್ ಮತ್ತು ಬಿಯಾಸ್ ಕೂಡುವಲ್ಲಿಂದ ನೂರಾರು ಕಿಲೋಮೀಟರ್ ಹರಿದು ಬರುವ ಇಂದಿರಾ ಗಾಂಧಿ ಕಾಲುವೆಯ ನೀರು ಅದು. ತನ್ನ ಅಜ್ಜಿಯ ಕಾಲದಲ್ಲಿ ಪಾತ್ರೆಗಳನ್ನು ಮರಳಿನಲ್ಲಿ ತಿಕ್ಕುತ್ತಿದ್ದರು, ಮಂಚದ ಮೇಲೆ ಕೂತು ಸ್ನಾನ ಮಾಡಿ ಕೆಳಗೆ ಬಿದ್ದ ನೀರನ್ನು ದನಗಳಿಗೆ ಇಡುತ್ತಿದ್ದರು ಎಂದೂ ಹೇಳಿದ.

ಆ ಸೀಮೆಯವರ ಜಾಣತನ ನೋಡಬೇಕಾದರೆ ಹೋಟೆಲಿನಿಂದ ಹೊರಗೆ ಹೋಗಿ. ಇಳಿಜಾರಿನ ಕೆಳಗೆ ಮಣ್ಣಿನ ಏರಿ ಹಾಕಿ ಮಳೆನೀರನ್ನು ಹೊಲದಲ್ಲೇ ಇಂಗಿಸುವ ಪದ್ಧತಿಗೆ ಅಲ್ಲಿ ಖಡೀನ್ ಎನ್ನುತ್ತಾರೆ. ಪಾಲಿವಾಲರೆಂಬ ಜನ ಶತಮಾನಗಳ ಹಿಂದೆಯೇ ಹೀಗೆ ಆ ಒಣನೆಲದಲ್ಲಿ ಗೋಧಿ, ಕಡಲೆ ಬೆಳೆದರು. ಅವರ ಕುಲಧರಾ ಗ್ರಾಮ ಈಗ ಪಾಳುಬಿದ್ದಿದೆ. ದಿವಾನನ ದಬ್ಬಾಳಿಕೆಗೆ ಊರು ಬಿಟ್ಟರು ಎಂಬುದು ಜನರ ಕಥೆ. ನೀರು ಬತ್ತಿದ್ದೇ ಕಾರಣ ಎನ್ನುವವರೂ ಇದ್ದಾರೆ.

1156ರಲ್ಲಿ ರಾವಲ ಜೈಸಲ ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಕೊಡದಲ್ಲಿ ನೀರು ಹೊತ್ತು ತರುವಷ್ಟು ಕಾಲ ಕೋಟೆಗೆ ಈ ತೊಂದರೆ ಇರಲಿಲ್ಲ. ನಲ್ಲಿ ಬಂತು, ಪ್ರವಾಸಿಗರ ವಸತಿಗೃಹಗಳು ಹೆಚ್ಚಿದವು, ಬಳಸಿದ ನೀರು ಗುಡ್ಡದೊಳಗೆ ಸೋರಿ ಗೋಡೆಗಳು ಕುಸಿಯತೊಡಗಿದವು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಈ ಕೋಟೆಯನ್ನು ಸೇರಿಸಿತು. 2013ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಶತಮಾನಗಟ್ಟಲೆ ಗಾಳಿ ಬಿಸಿಲು ತಾಳಿದ ಕೋಟೆಗೆ ಅಪಾಯ ಬಂದದ್ದು ನಮ್ಮಂಥವರ ಸ್ನಾನದ ನೀರಿನಿಂದ!

ಹಾಗಾದರೆ ಇಂಥ ಹೋಟೆಲಿಗೆ ಹೋಗಲೇಬಾರದೇ? ಹಾಗೆಂದು ನಾನು ಹೇಳಲಾರೆ. ಗಾಯಕರು, ಒಂಟೆ ನಡೆಸುವವರು, ಕಲ್ಲುಕುಟಿಗರು, ಅಡಿಗೆಯವರು, ಅವರೆಲ್ಲರ ಮನೆ ನಡೆಯುವುದು ಪ್ರವಾಸಿಗರಿಂದ. ನಿಮ್ಮಲ್ಲಿ ಅನೇಕರು ಒಳ್ಳೆಯ ಸಂಬಳ ತರುತ್ತಿದ್ದೀರಿ. ಅಪ್ಪ ಅಮ್ಮನನ್ನು ಎರಡು ದಿನ ಸುಖವಾಗಿ ಇರಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಕೋಣೆ ಗೊತ್ತುಮಾಡುವಾಗ ಬಾಡಿಗೆ ಎಷ್ಟು ಎಂದು ಕೇಳಿದಂತೆ ನೀರು ಎಲ್ಲಿಯದು, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ತೊಟ್ಟಿ ತುಂಬಿಸುವ ಬದಲು ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸಿ. ಟವಲು, ಹಾಸಿಗೆ ಬಟ್ಟೆಗಳನ್ನು ದಿನಾ ಒಗೆಯುವುದು ಬೇಡವೆನ್ನಿ. ಕೋಟೆಯ ಒಳಗಿನ ಬದಲು ಹೊರಗೆ ಉಳಿದುಕೊಳ್ಳಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರಾತ್ರಿ ಚಳಿ ಜೋರು, ಸ್ವೆಟರು ಮರೆಯಬೇಡಿ.

ಇದು ಹೊಸ ಪಾಠವಲ್ಲ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ವಾಡಿಕೆ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಸೇರುತ್ತಿತ್ತು, ಕೈಕಾಲು ತೊಳೆದ ನೀರು ಗಿಡದ ಬುಡಕ್ಕೆ. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಬೆಳೆದ ನಿಮಗೆ ಅದು ಜಿಪುಣತನವಾಗಿ ಕಂಡಿರಬಹುದು. ಆದರೆ 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಒಯ್ದದ್ದು ನಮ್ಮ ರೈಲ್ವೆ ಊರಿನವರು ಮರೆಯುವ ಮಾತಲ್ಲ.

ದೌಂಡದ ಪಕ್ಕ ಹರಿಯುವ ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ, ಕರ್ನಾಟಕ ಹೊಕ್ಕು, ಗಾಣಗಾಪುರ ಮುಟ್ಟಿ ಕೃಷ್ಣೆಯನ್ನು ಸೇರುತ್ತಾಳೆ. ನಾವು ಇಲ್ಲಿ ಉಳಿಸಿದ್ದು, ಕೆಡಿಸದೆ ಬಿಟ್ಟದ್ದು ಕೆಳಗಿನ ಊರುಗಳಲ್ಲಿರುವ ನಿಮ್ಮ ಸೋದರಮಾವ, ಚಿಕ್ಕಮ್ಮಂದಿರ ಹೊಲಕ್ಕೂ ಮನೆಗೂ ಸಲ್ಲುತ್ತದೆ. ಮರಳುಗಾಡನ್ನು ಖಂಡಿತ ನೋಡಿ ಬನ್ನಿ ಮಕ್ಕಳೇ. ಬರುವಾಗ ಅಲ್ಲಿನವರಿಂದ ನೀರಿನ ಲೆಕ್ಕವನ್ನೂ ಕಲಿತು ಬನ್ನಿ.