ಬಳ್ಳಾರಿ ಹತ್ತಿರ, ಸೀಟು ದೂರ!

ಗಡಿ ಮಕ್ಕಳ ಕಾಲೇಜು ಪಟ್ಟಿಯಲ್ಲಿ 'ಕೈಬಿಡದ ಸೀಟು' ಯಾವ ಕಡೆ ಇರಬೇಕು?

ಚಿಪ್ಪಗಿರಿ: ಇಂಟರ್ ಫಲಿತಾಂಶ ಬಂತೆಂದರೆ ಸಾಕು, ಆಲೂರು, ಹೊಳಗುಂದ, ಕೌತಾಳಂ, ಚಿಪ್ಪಗಿರಿ ಸೀಮೆಯ ಕನ್ನಡ ಮನೆಗಳಲ್ಲಿ ಒಂದೇ ಮಾತು. 'ಬಳ್ಳಾರಿ ಇಲ್ಲೇ ಐತಲ್ಲ, ಎಲ್ಲೂ ಸಿಗದಿದ್ರೆ ಅಲ್ಲಿ ಹಾಕಿದ್ರಾಯ್ತು ಬಿಡು!'

ಮಾತು ಸುಳ್ಳೇನಲ್ಲ. ಗುಂತಕಲ್‌ನಲ್ಲಿ ರೈಲು ಹತ್ತಿದರೆ ಬಳ್ಳಾರಿ ಬಂದೇ ಬಿಡುತ್ತದೆ. ಭಾಷೆ ಒಂದೇ, ಬೀಗರು ನೆಂಟರು ಅಲ್ಲೇ, ಬಟ್ಟೆ ಬಂಗಾರಕ್ಕೂ ಅಲ್ಲಿಗೇ ಹೋಗುವುದು. ಆದರೆ ಎಂಜಿನಿಯರಿಂಗ್, ಮೆಡಿಕಲ್, ಅಗ್ರಿ ಸೀಟಿನ ಲೆಕ್ಕ ಕಿಲೋಮೀಟರ್ ನೋಡಿ ನಡೆಯುವುದಿಲ್ಲ, ಕಾಗದ ನೋಡಿ ನಡೆಯುತ್ತದೆ. ಕಾಗದದ ಪ್ರಕಾರ ನಮ್ಮ ಮಕ್ಕಳಿಗೆ ಅನಂತಪುರ, ತಿರುಪತಿ ಹತ್ತಿರ, ಬಳ್ಳಾರಿ ದೂರ!

ಇದು ಗೊತ್ತಿಲ್ಲದೆ ಬಳ್ಳಾರಿಯನ್ನೇ ಕೊನೆಯ ಆಸರೆ ಎಂದು ನಂಬಿ ಕೂತವರಿಗೆ ಜುಲೈ, ಆಗಸ್ಟ್ ಹೊತ್ತಿಗೆ ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ. ಗಂಡು ಮಕ್ಕಳಾದರೆ ಒಂದು ವರ್ಷ ಹಾಳು. ಹೆಣ್ಣು ಮಕ್ಕಳಾದರೆ ಆ ಒಂದು ವರ್ಷದಲ್ಲಿ ಮನೆಯಲ್ಲಿ ಬೇರೆ ಮಾತು ಶುರುವಾಗುತ್ತದೆ. ಓದು ಅಲ್ಲಿಗೇ ನಿಂತರೂ ನಿಂತಿತು.

ಒಂದು ಗೆರೆ, ಎರಡು ಕಲಂ

ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಈ ಚಿಪ್ಪಗಿರಿ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಹೋಯಿತು.

ಆಮೇಲೆ ಗೆರೆಯ ಎರಡೂ ಕಡೆ ಸಂವಿಧಾನದ ವಿಶೇಷ ಕಲಂಗಳು ಬಂದವು. ಆಂಧ್ರಕ್ಕೆ 371ಡಿ. ಅದರ ಆಧಾರದ 1974ರ ರಾಷ್ಟ್ರಪತಿ ಆದೇಶದಂತೆ ಕಾಲೇಜು ಸೀಟುಗಳಲ್ಲಿ ಶೇ 85 'ಲೋಕಲ್' ವಿದ್ಯಾರ್ಥಿಗಳಿಗೆ ಮೀಸಲು. ಕರ್ನೂಲು ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಲೋಕಲ್ ಪ್ರದೇಶಕ್ಕೆ ಸೇರಿದೆ. ಅನಂತಪುರ, ಕಡಪ, ಚಿತ್ತೂರು, ನೆಲ್ಲೂರು ಎಲ್ಲ ಇದರೊಳಗೇ ಬರುತ್ತವೆ.

ಅತ್ತ ಕಲ್ಯಾಣ ಕರ್ನಾಟಕಕ್ಕೆ 371ಜೆ. 2013ರಲ್ಲಿ ಜಾರಿಗೆ ಬಂತು, ಬಳ್ಳಾರಿಯೂ ಅದರಲ್ಲಿದೆ. ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿಯ ಸ್ಥಳೀಯರಿಗೆ. ಅದಕ್ಕೆ ಅಲ್ಲಿಯ ಅಧಿಕಾರಿ ಕೊಟ್ಟ 371ಜೆ ಪ್ರಮಾಣಪತ್ರ ಬೇಕು. 1953ರಲ್ಲಿ ಗೆರೆಯ ಈಚೆ ಉಳಿದವರ ಮಕ್ಕಳ ಹತ್ತಿರ ಅದು ಎಲ್ಲಿಂದ ಬರಬೇಕು? ಉಳಿದ ಶೇ 30ರಲ್ಲಿ ಇಡೀ ಕರ್ನಾಟಕದವರ ಜೊತೆ ಇವರೂ ಒಬ್ಬರು, ಅದೂ ಅಲ್ಲಿಯ ಅರ್ಹತೆ ಸಿಕ್ಕರೆ.

ಈ ಕಡೆ ಶೇ 85ರ ಒಳಗೆ ನಿಂತವರು ಆ ಕಡೆ ಶೇ 30ರ ಸಾಲಿಗೆ ಹೋಗುತ್ತಾರೆ. ಹಾಗಾದರೆ ಯಾವುದು ಆಸರೆ, ಯಾವುದು ಆಸೆ? ಲೆಕ್ಕ ನೀವೇ ಹಾಕಿ.

ಹೊರನಾಡು ಬೇರೆ, ಗಡಿನಾಡು ಬೇರೆ

'ನಾವು ಗಡಿನಾಡ ಕನ್ನಡಿಗರು, ನಮಗೆ ಕೋಟಾ ಐತಿ' ಎನ್ನುವವರೂ ಇದ್ದಾರೆ. ಕರ್ನಾಟಕ ಸಿಇಟಿಯ ಪುಸ್ತಿಕೆಯಲ್ಲಿ 'ಗಡಿನಾಡು ಕನ್ನಡಿಗ' ಎಂದರೆ ಗಡಿಯಲ್ಲಿರುವ ಎಲ್ಲರೂ ಅಲ್ಲ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ 7 ವರ್ಷ ಇದ್ದು ಓದಿದವರಿಗೆ ಮಾತ್ರ ಆ ಹೆಸರು. ಆದೋನಿ, ಆಲೂರು ಆ ಪಟ್ಟಿಯಲ್ಲಿಲ್ಲ.

ನಮ್ಮ ಮಕ್ಕಳಿಗೆ ಇರುವುದು 'ಹೊರನಾಡು ಕನ್ನಡಿಗ' ಎಂಬ ದಾರಿ. ಮಾತೃಭಾಷೆ ಕನ್ನಡ ಆಗಿರಬೇಕು, ಹೊರರಾಜ್ಯದ ವಾಸ, ಓದಿನ ದಾಖಲೆ ಕೊಡಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆದು ಪಾಸಾಗಬೇಕು. ಕನ್ನಡ ಓದಿ ಬರೆಯಲು ಬರುವವರಿಗೆ ಅದು ಕಷ್ಟದ್ದಲ್ಲ. ಮನೆಯಲ್ಲಿ ಮಾತಾಡಿದರೂ ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಮಾತ್ರ ಕಲಿತವರು ಅಕ್ಷರ ತಿದ್ದಿಕೊಂಡೇ ಹೋಗಬೇಕು. ಇದು ಪಾಸಾದರೆ ಸಿಗುವುದು ಸೀಟಲ್ಲ, ಸಾಲಿನಲ್ಲಿ ನಿಲ್ಲುವ ಹಕ್ಕು ಅಷ್ಟೇ.

ಇನ್ನೊಂದು ತೊಡಕು ದಿನಾಂಕದ್ದು. ಈಚಿನ ವರ್ಷಗಳಲ್ಲಿ ಸಿಇಟಿ ಅರ್ಜಿ ಸಂಕ್ರಾಂತಿಯ ಆಸುಪಾಸಿನಲ್ಲೇ ಶುರುವಾಗುತ್ತಿದೆ. ನಮ್ಮ ಭಾಗದ ಎಷ್ಟೋ ಮನೆಯವರು ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುವ ಹೊತ್ತೂ ಅದೇ. ಇಂಟರ್ ಮುಗಿದ ಮೇಲೆ ನೋಡೋಣ ಎಂದರೆ ಅರ್ಜಿಯ ದಿನವೇ ಹೋಗಿರುತ್ತದೆ.

ಪಿಯುಸಿಗೆ ಬಳ್ಳಾರಿ: ಎರಡೂ ದಡ ತಪ್ಪೀತು

ಎಲ್ಲಕ್ಕಿಂತ ದೊಡ್ಡ ಪೆಟ್ಟು ಹತ್ತನೇ ತರಗತಿ ಮುಗಿದ ಕೂಡಲೇ ಬೀಳುತ್ತದೆ, ಅದು ಗೊತ್ತಾಗುವುದು ಮಾತ್ರ ಎರಡು ವರ್ಷದ ನಂತರ.

ಆಂಧ್ರದಲ್ಲಿ ಲೋಕಲ್ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆ ಬರೆದ ವರ್ಷವೂ ಸೇರಿ ಸತತ 4 ವರ್ಷ ಅದೇ ಪ್ರದೇಶದಲ್ಲಿ ಓದಿರಬೇಕು. 9, 10 ಇಲ್ಲಿ ಓದಿ ಪಿಯುಸಿ ಎರಡು ವರ್ಷ ಬಳ್ಳಾರಿಯಲ್ಲಿ ಓದಿದರೆ ಆ ಸರಪಳಿ ಕಡಿಯುತ್ತದೆ. ಮಗು ಈ ಕಡೆ ಶೇ 85ರಿಂದ ಹೊರಬಿದ್ದು, ತಂದೆ ತಾಯಿಯ ವಾಸದ ದಾಖಲೆ ತೋರಿಸಿ ಶೇ 15ರ ಸಾಲಿಗೆ ಹೋಗಬೇಕಾಗುತ್ತದೆ.

ಆ ಕಡೆಯಾದರೂ ಗಟ್ಟಿಯೇ? ಕರ್ನಾಟಕದ ಸಾಮಾನ್ಯ ನಿಯಮ ಕೇಳುವುದು ಒಂದನೇ ತರಗತಿಯಿಂದ ಪಿಯುಸಿವರೆಗೆ ಒಟ್ಟು 7 ವರ್ಷದ ಓದನ್ನು. ಎರಡು ವರ್ಷದ ಪಿಯುಸಿ ಅದಕ್ಕೆ ಸಾಲದು. ಅಜ್ಜಿ ಮನೆ ಎಂದು ಸಿರುಗುಪ್ಪ, ಬಳ್ಳಾರಿಯಲ್ಲೇ 7 ವರ್ಷ ಓದಿ, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಅಲ್ಲೇ ಪಾಸಾದವರ ಮಾತು ಬೇರೆ.

ಅದಕ್ಕೇ ಇಂಟರ್‌ಗೆ ಗುಂತಕಲ್, ಆದೋನಿ, ಅನಂತಪುರ, ಕರ್ನೂಲು ಎಲ್ಲಿ ಸೇರಿಸಿದರೂ ಲೋಕಲ್ ಹೋಗುವುದಿಲ್ಲ. ಗುಂತಕಲ್ ಬೇರೆ ಜಿಲ್ಲೆಯಾದರೂ ಪ್ರದೇಶ ಒಂದೇ. ಬಳ್ಳಾರಿಗೆ ಸೇರಿಸುವ ಮುನ್ನ ಮಾತ್ರ ಹತ್ತು ಸಲ ಯೋಚಿಸಿ.

ಜಾತಿ ಪತ್ರ, ಶುಲ್ಕದ ಲೆಕ್ಕ

ವಾಲ್ಮೀಕಿ ಬೋಯ ಸಮುದಾಯ ನಮ್ಮ ಜಿಲ್ಲೆಯಲ್ಲಿ ಬಿಸಿ-ಎ. ಗೆರೆ ದಾಟಿದರೆ ಅದೇ ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡ. ಕುರುಬರು ಇಲ್ಲಿ ಬಿಸಿ-ಬಿ, ಅಲ್ಲಿ 2ಎ. ಸಿರುಗುಪ್ಪದ ಸೋದರತ್ತೆ ಮಗನಿಗೆ ಸಿಕ್ಕ ಸೀಟನ್ನು ನೋಡಿ 'ನಮ್ಮ ಹುಡುಗನಿಗೂ ಅಷ್ಟೇ ರ‍್ಯಾಂಕ್ ಸಾಕು' ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆಂಧ್ರದ ಜಾತಿ ಪತ್ರದ ಮೀಸಲಾತಿ ಆಂಧ್ರದಲ್ಲೇ ನಡೆಯುವುದು.

ಶುಲ್ಕ ಮರುಪಾವತಿಯೂ ಹಾಗೆಯೇ. ಆಂಧ್ರದ ಕಾಲೇಜಿನಲ್ಲಿ ಕನ್ವೀನರ್ ಕೋಟಾ ಸೀಟು ಸಿಕ್ಕ, ಆದಾಯ ಮಿತಿಯೊಳಗಿನ ಮನೆಯವರಿಗೆ ಅದರ ನೆರವು. ಹಣ ತಡವಾಗಿ ಬರುವುದೂ ಉಂಟು, ಆದರೂ ಲೆಕ್ಕಕ್ಕೆ ಒಂದು ಆಧಾರ. ಕರ್ನಾಟಕದಲ್ಲಿ ಕಾಮೆಡ್‌-ಕೆ, ಮ್ಯಾನೇಜ್‌ಮೆಂಟ್ ಸೀಟುಗಳು ಹೊರರಾಜ್ಯದವರಿಗೂ ತೆರೆದಿವೆ, ಶುಲ್ಕ ಮಾತ್ರ ಭಾರಿ. ಹತ್ತಿ ಬೆಳೆ ಕೈಕೊಟ್ಟರೆ ಎರಡನೇ ವರ್ಷದ ಶುಲ್ಕ ಎಲ್ಲಿಂದ ತರುವುದು? ದುಡ್ಡು ಇದ್ದರೆ ಮಾತ್ರ ಉಳಿಯುವ ಸೀಟನ್ನು ಆಸರೆಯ ಸೀಟು ಎನ್ನಲಾಗದು.

ಮೂರು ಸಾಲಿನ ಪಟ್ಟಿ

ಹಾಗಾದರೆ ಪಟ್ಟಿ ಮಾಡುವುದು ಹೇಗೆ? ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲನೆಯದು ಕನಸಿನ ಕಾಲೇಜು, ಎರಡನೆಯದು ಕೈಗೆಟಕುವ ಕಾಲೇಜು, ಮೂರನೆಯದು ಕೈಬಿಡದ ಕಾಲೇಜು.

ಅಳತೆಗೋಲು ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್. ಎಪಿ ಇಎಪಿಸೆಟ್‌ನಲ್ಲಿ ಯಾವ ಕಾಲೇಜಿನ ಯಾವ ವಿಭಾಗ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ನಿಮ್ಮ ವರ್ಗ, ಗಂಡು ಅಥವಾ ಹೆಣ್ಣು, ಲೋಕಲ್ ಪ್ರದೇಶ ಮೂರೂ ಹೊಂದುವ ಅಂಕಣವನ್ನೇ ನೋಡಿ. ಆಂಧ್ರದಲ್ಲಿ ಹೆಣ್ಣು ಮಕ್ಕಳಿಗೆ ಮೂರನೇ ಒಂದು ಭಾಗ ಸೀಟು ಮೀಸಲಿರುವುದರಿಂದ ಅವರ ಅಂಕಣ ಬೇರೆ.

ಉದಾಹರಣೆಗೆ, ಊಹೆಯ ಅಂಕಿ ಹಿಡಿಯೋಣ. ಒಂದು ವಿಭಾಗದ ಕೊನೆಯ ರ‍್ಯಾಂಕ್ ಮೂರು ವರ್ಷದಲ್ಲಿ 60 ಸಾವಿರ, 72 ಸಾವಿರ, 68 ಸಾವಿರ ಇತ್ತು ಎನ್ನಿ. ಬಾಗಿಲು ಬೇಗ ಮುಚ್ಚಿದ ವರ್ಷವನ್ನೇ, ಅಂದರೆ 60 ಸಾವಿರವನ್ನೇ ಹಿಡಿಯಿರಿ. ಮಗಳ ರ‍್ಯಾಂಕ್ 40 ಸಾವಿರ ಇದ್ದರೆ ಅದು ಕೈಬಿಡದ ಸಾಲಿಗೆ, 58 ಸಾವಿರ ಇದ್ದರೆ ಕೈಗೆಟಕುವ ಸಾಲಿಗೆ, 90 ಸಾವಿರ ಇದ್ದರೆ ಕನಸಿನ ಸಾಲಿಗೆ. ಕಾಲೇಜು ಅದೇ, ಸಾಲು ಮಾತ್ರ ರ‍್ಯಾಂಕ್ ನೋಡಿ ಬದಲಾಗುತ್ತದೆ.

ಬಹುಪಾಲು ಮಕ್ಕಳಿಗೆ ಅನಂತಪುರದ ಜೆಎನ್‌ಟಿಯು, ಕರ್ನೂಲಿನ ಜಿ. ಪುಲ್ಲಾರೆಡ್ಡಿ ಕಾಲೇಜುಗಳ ಕಂಪ್ಯೂಟರ್ ವಿಭಾಗ ಕನಸಿನ ಸಾಲಿನದು. ಹೊರನಾಡು ದಾರಿಯಲ್ಲಿ ಪ್ರಯತ್ನಿಸುವ ಬಳ್ಳಾರಿ, ಬೆಂಗಳೂರು ಕಾಲೇಜುಗಳೂ ಅಲ್ಲೇ ಇರಲಿ. ಬೇಡಿಕೆ ಕಡಿಮೆಯ ವಿಭಾಗದಲ್ಲಿ ಅಲ್ಲಿ ಸೀಟು ಉಳಿದು ಸಿಕ್ಕರೂ ಸಿಗಬಹುದು. ಸಿಕ್ಕರೆ ಸಂತೋಷ, ಅದನ್ನೇ ನಂಬಿ ಕೂರಬಾರದು.

ಕೈಬಿಡದ ಸಾಲಿನಲ್ಲಿ ಎರಡು ಮೂರು ಕಾಲೇಜಾದರೂ ಇರಬೇಕು. ಅವನ್ನು ನಾಲ್ಕು ಪ್ರಶ್ನೆ ಕೇಳಿ ಸೇರಿಸಿ. ರ‍್ಯಾಂಕಿಗೆ ಖಂಡಿತ ಸಿಗುತ್ತದೆಯೇ? ಮರುಪಾವತಿ ತಡವಾದರೂ ಮನೆಯಿಂದ ನಡೆಸಲು ಆಗುತ್ತದೆಯೇ? ಹಾಸ್ಟೆಲ್ ಅಥವಾ ದಿನದ ಬಸ್ಸು, ರೈಲು ಇದೆಯೇ? ಸಿಕ್ಕಿದ್ದು ಅದೊಂದೇ ಆದರೆ ಮಗು ಮನಸ್ಸಿಟ್ಟು ಹೋಗುತ್ತದೆಯೇ? ನಾಲ್ಕನೆಯದಕ್ಕೆ 'ಇಲ್ಲ' ಬಂದರೆ ಆ ಹೆಸರು ಬರೆದೂ ಪ್ರಯೋಜನವಿಲ್ಲ.

ವೆಬ್ ಆಪ್ಷನ್: ಇಷ್ಟದ ಕ್ರಮದಲ್ಲೇ ಬರೆಯಿರಿ

ಪಟ್ಟಿ ಸರಿ ಮಾಡಿದವರೂ ಕಂಪ್ಯೂಟರ್ ಮುಂದೆ ಕೂತು ಎಡವುತ್ತಾರೆ. 'ಸಿಗೋದನ್ನೇ ಮೊದಲು ಹಾಕು' ಎಂದು ಸೆಂಟರ್‌ನವರು ಹೇಳಿದರೆ ಕೇಳಬೇಡಿ. ಗಣಕಯಂತ್ರ ಮೇಲಿನಿಂದ ಕೆಳಗೆ ನೋಡಿಕೊಂಡು ಬಂದು, ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಕೈಬಿಡದ ಕಾಲೇಜನ್ನು ಮೇಲೆ ಹಾಕಿದರೆ ಅದೇ ಸಿಕ್ಕಿಬಿಡುತ್ತದೆ, ಅದರ ಕೆಳಗಿನ ಒಳ್ಳೆಯದು ಹೋಗುತ್ತದೆ. ಕನಸು ಮೇಲೆ, ಆಸರೆ ಕೆಳಗೆ. ಆಪ್ಷನ್‌ಗಳಿಗೆ ಸಂಖ್ಯೆಯ ಮಿತಿ ಇಲ್ಲ, ಹತ್ತಕ್ಕೇ ನಿಲ್ಲಿಸಬೇಡಿ.

ಎಂಜಿನಿಯರಿಂಗ್ ಒಂದೇ ಅಲ್ಲ

ಎಂಜಿನಿಯರಿಂಗ್ ಪಟ್ಟಿಯ ಕೆಳಗೆ ಡಿಗ್ರಿಯ ಒಂದು ಸಾಲೂ ಇರಲಿ. ಗುಂತಕಲ್‌ನ ಎಸ್‌ಕೆಪಿ ಸರ್ಕಾರಿ ಡಿಗ್ರಿ ಕಾಲೇಜು, ಆದೋನಿ ಆರ್ಟ್ಸ್ ಅಂಡ್ ಸೈನ್ಸ್ ಕಾಲೇಜು ಕಣ್ಣೆದುರಿಗೇ ಇವೆ. ಆಂಧ್ರದಲ್ಲಿ ಡಿಗ್ರಿ ಪ್ರವೇಶವೂ ಆನ್‌ಲೈನ್ ಆಗಿದೆ, ಅದರ ದಿನಾಂಕ ಬೇರೆ, ಆಪ್ಷನ್ ಬೇರೆ.

ಕನ್ನಡ ಮಾಧ್ಯಮದಲ್ಲಿ ಬಿಎ ಓದಿ ಮುಂದೆ ಕನ್ನಡ ಮೇಷ್ಟ್ರಾಗಬೇಕು ಎನ್ನುವವರಿಗೆ ಮಾತ್ರ ಬಳ್ಳಾರಿ ನಿಜವಾಗಿಯೂ ಹತ್ತಿರ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಎ, ಬಿಕಾಂಗೆ ಸಿಇಟಿ ಇಲ್ಲ. ಬೇರೆ ಬೋರ್ಡಿನಿಂದ ಬಂದವರು ಅರ್ಹತಾ ಪತ್ರದ ವಿಚಾರ ಮೊದಲೇ ಕೇಳಿಕೊಳ್ಳಬೇಕು.

ಹತ್ತನೇ ತರಗತಿಯವರಿಗೂ ಇದೇ ಲೆಕ್ಕ. ಇಡುಪುಲಪಾಯದ ಆರ್‌ಜಿಯುಕೆಟಿಗೆ ಹತ್ತನೇ ತರಗತಿ ಅಂಕದ ಮೇಲೆ ಆರು ವರ್ಷದ ಎಂಜಿನಿಯರಿಂಗ್ ಓದಿಗೆ ಪ್ರವೇಶ, ಅದು ಕನಸು. ಪಾಲಿಸೆಟ್ ಬರೆದು ಆದೋನಿ ಸರ್ಕಾರಿ ಪಾಲಿಟೆಕ್ನಿಕ್, ಅದು ಆಸರೆ. ಡಿಪ್ಲೊಮಾ ಮುಗಿಸಿ ಈಸೆಟ್ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಆಸರೆಯ ದಾರಿ ಅಲ್ಲಿಗೇ ನಿಲ್ಲುವ ದಾರಿಯಲ್ಲ.

ಈಗಲೇ ಎತ್ತಿಡಿ

* 6ನೇ ತರಗತಿಯಿಂದ ಇಂಟರ್‌ವರೆಗಿನ ಸ್ಟಡಿ ಸರ್ಟಿಫಿಕೇಟ್. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಬೇಕು.

* ಜಾತಿ, ಆದಾಯ ಪತ್ರ. ಗುಳೆ ಹೋಗುವ ಮುನ್ನವೇ ಸಚಿವಾಲಯದಲ್ಲಿ ಅರ್ಜಿ ಹಾಕಿ.

* ಹತ್ತನೇ ತರಗತಿ ಅಂಕಪಟ್ಟಿ, ಇಂಟರ್ ಅಂಕಪಟ್ಟಿ, ಟಿಸಿ. ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ.

* ಕರ್ನಾಟಕಕ್ಕೂ ಅರ್ಜಿ ಹಾಕುವವರು ಆ ವರ್ಷದ ಸಿಇಟಿ ಪುಸ್ತಿಕೆಯ ಹೊರನಾಡು ನಿಯಮವನ್ನು ಸಾಲು ಸಾಲಾಗಿ ಓದಿ. ವರ್ಷದಿಂದ ವರ್ಷಕ್ಕೆ ಷರತ್ತು, ದಿನಾಂಕ ಬದಲಾಗುತ್ತವೆ.

ಬಳ್ಳಾರಿಗೆ ಹೋಗಬೇಡಿ ಎಂದು ಯಾರೂ ಹೇಳುವುದಿಲ್ಲ. ಹೋಗಿ, ಅರ್ಜಿ ಹಾಕಿ, ಕನ್ನಡ ಪರೀಕ್ಷೆಯನ್ನೂ ಬರೆಯಿರಿ. ಆದರೆ ಅದಕ್ಕೆ ಮುಂಚೆ ಆಂಧ್ರದ ಎರಡು ಮೂರು ಕೈಬಿಡದ ಕಾಲೇಜುಗಳ ಹೆಸರು ಹಾಳೆಯ ಕೆಳಗೆ ಬರೆದಿಟ್ಟಿರಲಿ.