ಹ್ಯಾಮರ್ ಎಸೆತ: ಕವಣೆ ಬಲ್ಲವರಿಗೆ ಎಟುಕುವ ವಿದ್ಯೆ

ಬೆಳುಗುಪ್ಪ: ವಿದ್ಯಾರ್ಥಿಗಳಿಗೆಂದೇ ನಡೆಯುವ ಅಂತರರಾಷ್ಟ್ರೀಯ ಕ್ರೀಡಾಕೂಟವೊಂದಿದೆ. 1959ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಆರಂಭವಾದ ಇದನ್ನು ಮೊದಲು ಯೂನಿವರ್ಸಿಯೇಡ್ ಎನ್ನುತ್ತಿದ್ದರು. ಈಗ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ಎನ್ನುತ್ತಾರೆ. ಅದರ ಪುರುಷರ ಹ್ಯಾಮರ್ ಎಸೆತವು ನಮ್ಮ ಮಕ್ಕಳಿಗೆ ಗುಂಡು ಎಸೆತದಷ್ಟು ಪರಿಚಿತವಲ್ಲ. ಆದ್ದರಿಂದ ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಹೆಸರು ಸುತ್ತಿಗೆಯೆಂದಿದ್ದರೂ ಈ ಸಾಧನಕ್ಕೆ ಮರದ ಹಿಡಿಯಿಲ್ಲ. ಲೋಹದ ಗುಂಡು, ಅದಕ್ಕೆ ಬಿಗಿದ ಉಕ್ಕಿನ ತಂತಿ, ತುದಿಯಲ್ಲೊಂದು ಹಿಡಿಕೆ, ಇಷ್ಟೇ. ಪುರುಷರ ಹ್ಯಾಮರ್ 7.26 ಕಿಲೋ ತೂಗುತ್ತದೆ. 20 ವರ್ಷದೊಳಗಿನ ಯುವಕರಿಗೆ 6 ಕಿಲೋ, 18 ವರ್ಷದೊಳಗಿನ ಬಾಲಕರಿಗೆ 5 ಕಿಲೋ.

ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ನೆನೆಯಿರಿ. ಕಲ್ಲು ಸುತ್ತುತ್ತ ವೇಗ ಪಡೆದು, ಬಿಟ್ಟ ಕ್ಷಣದಲ್ಲಿ ನೇರವಾಗಿ ಹಾರುತ್ತದೆ. ಹ್ಯಾಮರ್‌ನ ತತ್ತ್ವವೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಎಸೆಯುವವನ ದೇಹವೇ ಸುತ್ತಬೇಕು. 2.135 ಮೀಟರ್ ವ್ಯಾಸದ ವೃತ್ತದೊಳಗೆ ಮೂರು ಅಥವಾ ನಾಲ್ಕು ಸುತ್ತು ತಿರುಗಿ, ಗುಂಡನ್ನು 40 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಬಿಡಬೇಕು. 80 ಮೀಟರ್ ದಾಟುವ ಎಸೆತದಲ್ಲಿ ಕೈಗಳ ಮೇಲಿನ ಸೆಳೆತವು ಸುಮಾರು 300 ಕಿಲೋ ಭಾರಕ್ಕೆ ಸಮ. ಆದುದರಿಂದ ತೋಳ್ಬಲವೊಂದೇ ಸಾಲದು. ಪಾದಗಳ ಲಯವೂ ಬೇಕು.

ಪೋಲೆಂಡಿನ ಪಾವೆಲ್ ಫೈಡೆಕ್ 2011ರಿಂದ 2017ರವರೆಗೆ ಸತತ ನಾಲ್ಕು ಬಾರಿ ಈ ವಿದ್ಯಾರ್ಥಿ ಕೂಟದ ಚಿನ್ನ ಗೆದ್ದರು. ವಿಶ್ವ ಚಾಂಪಿಯನ್ ಪಟ್ಟವನ್ನು ಐದು ಬಾರಿ ಪಡೆದರು. ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ 1986ರಲ್ಲಿ ಎಸೆದ 86.74 ಮೀಟರ್ ಇಂದಿಗೂ ವಿಶ್ವದಾಖಲೆ. ದೂರದರ್ಶನದ ‘ಮಹಾಭಾರತ’ದಲ್ಲಿ ಭೀಮನಾಗಿದ್ದ ಪ್ರವೀಣ್ ಕುಮಾರ್ 1966ರ ಏಷ್ಯನ್ ಕ್ರೀಡಾಕೂಟದ ಹ್ಯಾಮರ್ ಎಸೆತದಲ್ಲಿ ಕಂಚು ಗೆದ್ದವರೆಂಬುದನ್ನು ಹಿರಿಯರು ಮಕ್ಕಳಿಗೆ ತಿಳಿಸಬಹುದು.

ಈ ಕೂಟಕ್ಕೆ ದಾರಿ ಕಾಲೇಜಿನ ಮೂಲಕವೇ ಸಾಗುತ್ತದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಸ್ಪರ್ಧಿಸುತ್ತಾರೆ. 2020ರ ಜನವರಿಯಲ್ಲಿ ಆ ಕೂಟ ಮೂಡುಬಿದಿರೆಯಲ್ಲಿ ನಡೆದಿತ್ತು. ಅನಂತಪುರದಲ್ಲಿ 1981ರಲ್ಲಿ ಸ್ಥಾಪನೆಯಾದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ನಮ್ಮ ಸಮೀಪದಲ್ಲೇ ಇದೆ. ಅಂತರರಾಷ್ಟ್ರೀಯ ಕೂಟದಲ್ಲಿ ಸ್ಪರ್ಧಿಗಳು 25 ವರ್ಷ ಮೀರಿರಬಾರದು; ವಿದ್ಯಾರ್ಥಿಗಳಾಗಿರಬೇಕು ಅಥವಾ ಇತ್ತೀಚೆಗಷ್ಟೇ ಪದವಿ ಮುಗಿಸಿರಬೇಕು. ಹತ್ತನೆಯ ತರಗತಿಯ ಬಳಿಕ ಓದು ನಿಲ್ಲಿಸಿದ ಹುಡುಗನಿಗೆ, ಎಷ್ಟೇ ಬಲವಿದ್ದರೂ, ಈ ಬಾಗಿಲು ಮುಚ್ಚಿಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಅಡ್ಡಿಯಲ್ಲ. ಓದು ಬಿಟ್ಟದ್ದು ಅಡ್ಡಿ.

ಪೋಷಕರಿಗೆ ಒಂದು ಎಚ್ಚರಿಕೆ. ಕೈತಪ್ಪಿದ ಹ್ಯಾಮರ್ ಪ್ರಾಣಾಪಾಯ ತರಬಲ್ಲದು. ಬಲೆಯ ಆವರಣವಿಲ್ಲದ ಬಯಲಿನಲ್ಲಿ, ತರಬೇತುದಾರರಿಲ್ಲದೆ, ಕಬ್ಬಿಣದ ಗುಂಡಿಗೆ ತಂತಿ ಕಟ್ಟಿ ಅಭ್ಯಾಸ ಮಾಡಲು ಮಕ್ಕಳನ್ನು ಬಿಡಲೇಬಾರದು. ಶಾಲೆಯ ಹಂತದಲ್ಲಿ ಗುಂಡು ಎಸೆತ, ಚಕ್ರ ಎಸೆತ ಮತ್ತು ಬರಿಗೈಯಲ್ಲಿ ಸುತ್ತು ತಿರುಗುವ ಪಾದಾಭ್ಯಾಸ ಸಾಕು. ಆಸಕ್ತಿ ಕಂಡುಬಂದ ಮಗುವಿನ ವಿಷಯವನ್ನು ವ್ಯಾಯಾಮ ಶಿಕ್ಷಕರೊಂದಿಗೆ ಈ ವರ್ಷವೇ ಚರ್ಚಿಸಿರೆಂದು ಕೋರುತ್ತೇವೆ.