ಲಕ್ಷ್ಮೀರೋಗದ ಜಾತಕ

ಬೇವೂರಿನ ಎರೆಹೊಲಗಳಲ್ಲಿ ಜೋಳ, ಸಜ್ಜೆ, ಕಡಲೆಗಳನ್ನೇ ಕಂಡು ಬೆಳೆದ ನಮಗೆ ಬತ್ತವೆಂದರೆ ಗಂಗಾವತಿ. ಸುಗ್ಗಿಯ ಕೂಲಿಗೆಂದು ಅತ್ತ ಹೋಗಿಬರುತ್ತಿದ್ದ ನಮ್ಮೂರ ಹಿರಿಯಳೊಬ್ಬಳು ಒಮ್ಮೆ ಸೆರಗಿನಲ್ಲಿ ಕಟ್ಟಿತಂದ ತೆನೆಯೊಂದರಲ್ಲಿ, ಕಾಳುಗಳ ನಡುವೆ, ಕಡಲೆಕಾಳಿನ ಗಾತ್ರದ, ಮಖಮಲ್ಲಿನಷ್ಟು ಮೃದುವಾದ, ಅರಿಸಿನ ಬಣ್ಣದ ಗುಂಡೊಂದು ಕುಳಿತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಟ್ಟಿದರೆ ಬೆರಳಿಗೆ ಹಳದಿಯ ಹಿಟ್ಟು ಹತ್ತಿತು. ಲಕ್ಷ್ಮಿ ಬಂದಿದ್ದಾಳೆ, ಈ ವರ್ಷ ಫಸಲಿಗೆ ಕೊರತೆಯಿಲ್ಲವೆಂದು ಆಕೆ ಹಿಗ್ಗಿನಿಂದ ಹೇಳಿದಳು.

ಆ ಗುಂಡು ಕಾಳಲ್ಲ, ಬೂಷ್ಟು. ಗದ್ದೆಯಲ್ಲಿ ಅದು ಹಳದಿಯಿಂದ ಹಸಿರಿಗೂ ಹಸಿರಿನಿಂದ ಕಪ್ಪಿಗೂ ತಿರುಗಿ, ಬಿರಿದು, ಗಾಳಿಯಲ್ಲಿ ಬೀಜಕಣಗಳನ್ನು ತೂರುವುದು. ಹೊಟ್ಟೆತೆನೆಯ ಕಾಲದಲ್ಲಿ ಮಳೆಯೂ ತೇವವೂ ಹೆಚ್ಚಿದ್ದು, ಪೈರು ಗೊಬ್ಬರ ತಿಂದು ಸೊಕ್ಕಿ ನಿಂತಿದ್ದರೆ ಇದು ಕಾಣಿಸಿಕೊಳ್ಳುವುದು. ಅಂತಹ ವರ್ಷಗಳಲ್ಲಿ ಬೆಳೆಯೂ ಸಾಮಾನ್ಯವಾಗಿ ಹುಲುಸಾಗಿಯೇ ಬರುತ್ತಿದ್ದುದರಿಂದ ಹಿರಿಯರು ಇದನ್ನು ಲಕ್ಷ್ಮೀರೋಗವೆಂದು ಕರೆದುದು ಅಜ್ಞಾನವಲ್ಲ, ಒಂದು ಬಗೆಯ ಸೂಕ್ಷ್ಮ ನಿರೀಕ್ಷಣೆಯೇ ಸರಿ. ತಿರುನೆಲ್ವೇಲಿಯ ಮಾದರಿಯನ್ನು ನೋಡಿ ಕುಕ್ ಎಂಬ ಆಂಗ್ಲ ವಿದ್ವಾಂಸನು 1878ರಲ್ಲಿ ಇದನ್ನು ಮೊದಲು ವರ್ಣಿಸಿದನು. ಇಂದಿನ ಶಾಸ್ತ್ರನಾಮ ಉಸ್ಟಿಲಜಿನಾಯ್ಡಿಯಾ ವೈರೆನ್ಸ್.

ಇದರ ವಂಚನೆ ಅದ್ಭುತವಾದುದು. ತೆನೆಯು ಇನ್ನೂ ಎಲೆಯ ಒರೆಯೊಳಗೆ ಮರೆಯಾಗಿರುವಾಗಲೇ ಹೂವನ್ನು ಹೊಕ್ಕು ಕೇಸರಗಳನ್ನು ಆಕ್ರಮಿಸಿ, ಗರ್ಭ ಕಟ್ಟದಿದ್ದರೂ ಕಟ್ಟಿತೆಂಬ ಭ್ರಮೆಯನ್ನು ಗಿಡದಲ್ಲಿ ಹುಟ್ಟಿಸಿ, ಕಾಳಿಗೆಂದು ಹರಿದುಬಂದ ಸಾರವನ್ನೆಲ್ಲ ತಾನು ಹೀರಿಕೊಳ್ಳುವುದು. ಕಾಣದ ಮಗುವಿಗೆ ತೊಟ್ಟಿಲು ತೂಗುವ ತಾಯಿಯಂತೆ ಗಿಡವು ಶತ್ರುವನ್ನೇ ಪೋಷಿಸುವುದು.

ಈ ಜೀವಿಯ ಜಾತಕವನ್ನು, ಅಂದರೆ ಅದರ ವಂಶವಾಹಿ ಲಿಪಿಯ ಸಮಗ್ರ ಪ್ರತಿಯಾದ ಜೀನೋಮನ್ನು, ಚೀನದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು: ಸುಮಾರು 3 ಕೋಟಿ 94 ಲಕ್ಷ ಅಕ್ಷರಗಳು, 8,426 ಜೀನುಗಳು. ಸಸ್ಯಕೋಶದ ಗೋಡೆಯನ್ನು ಜೀರ್ಣಿಸುವ ಕಿಣ್ವಗಳ ಜೀನುಗಳು ಇದರಲ್ಲಿ ವಿರಳ. ಹೂವಿನಲ್ಲಿಯೇ ನೆಲೆಸಿ ಉಣ್ಣುವುದಕ್ಕೆ ಗೋಡೆ ಒಡೆಯುವ ಆಯುಧಗಳೇಕೆ? ಆರು ವರ್ಷಗಳ ತರುವಾಯ, 2020ರಲ್ಲಿ, ಭಾರತದ ಮಾದರಿಯೊಂದರ ಜೀನೋಮು ಪ್ರಕಟವಾಯಿತು. ಅದರ ಹೆಸರು ಯುವಿ-ಜಿವಿಟಿ. ಜಿವಿಟಿ ಎಂದರೆ ಗಂಗಾವತಿ! ತುಂಗಭದ್ರೆಯ ನೀರು ಕುಡಿದ ನಮ್ಮ ಸೀಮೆಯ ಊರೊಂದು ಮೂರಕ್ಷರವಾಗಿ ಜಗತ್ತಿನ ಜ್ಞಾನಭಂಡಾರದಲ್ಲಿ ಕುಳಿತಿರುವುದನ್ನು ಕಂಡ ದಿನ ನನಗಾದ ಸಂತೋಷವನ್ನು ಮರೆಮಾಚಲಾರೆ.

ಜೀನೋಮನ್ನು ಓದುವ ಈ ಕೆಲಸವಾದರೂ ಸುಲಭವಲ್ಲ. ಗುಂಡಿನಿಂದ ತೆಗೆದ ಬೀಜಕಣವನ್ನು ಆಲೂಗಡ್ಡೆ ಸಾರದ ಗಟ್ಟಿ ಪೋಷಕದ ಮೇಲೆ ಬಿತ್ತಿದರೆ ಇತರ ಬೂಷ್ಟುಗಳು ನಾಲ್ಕು ದಿನದಲ್ಲಿ ತಟ್ಟೆಯನ್ನು ಮುಚ್ಚುತ್ತವೆ. ಲಕ್ಷ್ಮೀರೋಗದ ಬೂಷ್ಟು ವಾರಗಟ್ಟಲೆ ಮೆಲ್ಲಮೆಲ್ಲನೆ ಹರಡುವುದರಿಂದ, ಪರಕೀಯ ಬೂಷ್ಟು ನುಸುಳದಂತೆ ಕಾಯುವುದೇ ಒಂದು ತಪಸ್ಸು. ಆಮೇಲೆ ದ್ರವ ಸಾರಜನಕದಲ್ಲಿ ಅರೆದು ಡಿಎನ್‌ಎ ತೆಗೆಯುವುದು, ಯಂತ್ರವು ತುಣುಕು ತುಣುಕಾಗಿ ಓದಿದುದನ್ನು ಗಣಕದಲ್ಲಿ ಜೋಡಿಸುವುದು.

ಜೋಡಿಸಿದ ಪ್ರತಿಯು ಪೆಟ್ಟಿಗೆಯಲ್ಲಿ ಉಳಿದರೆ ಪ್ರಯೋಜನವಿಲ್ಲ. ಅಮೆರಿಕದ ಜೆನ್‌ಬ್ಯಾಂಕ್, ಯೂರೋಪಿನ ಮತ್ತು ಜಪಾನಿನ ಭಂಡಾರಗಳು ಪರಸ್ಪರ ಪ್ರತಿಗಳನ್ನು ಹಂಚಿಕೊಳ್ಳುವುದರಿಂದ, ಒಂದರಲ್ಲಿಟ್ಟದ್ದು ಮೂರರಲ್ಲಿಯೂ ದೊರೆಯುವುದು. ಬೂಷ್ಟುಗಳಿಗಾಗಿಯೇ ಫಂಜಿಡಿಬಿ ಎಂಬ ಸಂಗ್ರಹವೂ ಉಂಟು. ನಮ್ಮ ರೈತರು ಬೆಂಕಿರೋಗವೆನ್ನುವ ಬತ್ತದ ಬೂಷ್ಟಿನ ಜೀನೋಮು 2005ರಲ್ಲಿಯೇ ಪ್ರಕಟವಾಗಿತ್ತು. 2016ರ ಫೆಬ್ರವರಿಯಲ್ಲಿ ಅದರ ಸೋದರ ಬಳಗದ ರೋಗವು ಬಾಂಗ್ಲಾದೇಶದಲ್ಲಿ ಸುಮಾರು 15,000 ಹೆಕ್ಟೇರು ಗೋಧಿಗೆ ತಗಲಿದಾಗ, ಅಲ್ಲಿನ ರೋಗಿಷ್ಠ ಎಲೆಗಳಿಂದ ಓದಿದ ಲಿಪಿಯನ್ನು ಬೇಗನೆ ಎಲ್ಲರೆದುರು ತೆರೆದಿಡಲಾಯಿತು. ಇತರ ದೇಶಗಳ ವಿದ್ವಾಂಸರು ತಮ್ಮಲ್ಲಿದ್ದ ಪ್ರತಿಗಳೊಡನೆ ಹೋಲಿಸಿ, ರೋಗದ ಮೂಲ ದಕ್ಷಿಣ ಅಮೆರಿಕವೆಂದು ಕೆಲವೇ ವಾರಗಳಲ್ಲಿ ಗುರುತಿಸಿದರು. ಮುಚ್ಚಿಟ್ಟಿದ್ದರೆ ಇದು ವರ್ಷಗಳ ಮಾತಾಗುತ್ತಿತ್ತು.

ಆದರೆ ಭಂಡಾರಕ್ಕೆ ಬಾಗಿಲು ಕಾಯುವವರೂ ಬೇಕು, ಲೆಕ್ಕ ತಿದ್ದುವವರೂ ಬೇಕು. ಫಂಜಿಡಿಬಿಯನ್ನು ಒಳಗೊಂಡ ಯೋಜನೆಗೆ ಬಹುಕಾಲ ದೊರೆಯುತ್ತಿದ್ದ ಅಮೆರಿಕ ಸರ್ಕಾರದ ಹಣ 2024ರಲ್ಲಿ ನಿಂತುಹೋಯಿತು. ನಮ್ಮ ದೇಶವು ಫರೀದಾಬಾದಿನಲ್ಲಿ 2022ರಲ್ಲಿ ಜೈವಿಕ ದತ್ತಾಂಶ ಕೇಂದ್ರವನ್ನು ತೆರೆದಿರುವುದು ನೆಮ್ಮದಿಯ ಸಂಗತಿ. ಅಲ್ಲಿಡುವ ಲಿಪಿಯನ್ನು ಓದಲು ಬೇಕಾದ ಮಾದರಿಗಳು ಹೊಲದಿಂದಲೇ ಬರಬೇಕು. ಅಂದು ಸೆರಗಿನಲ್ಲಿ ಬಂದ ಆ ಗುಂಡು ಯಾವ ತಳಿಯ ತೆನೆಯದೆಂದು ಯಾರೂ ಬರೆದಿಡಲಿಲ್ಲ; ಅದು ಉದುರಿಹೋಯಿತು, ತಂದವಳೂ ಇಂದಿಲ್ಲ.

ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಈ ಸಲ ನಿಮ್ಮ ತೆನೆಯಲ್ಲಿ ಹಳದಿಯ ಗುಂಡು ಕಂಡರೆ ದಯವಿಟ್ಟು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಊರು, ತಳಿ, ತಾರೀಖು ಬರೆದು ಅಲ್ಲಿಗೆ ಮುಟ್ಟಿಸಿ.